ಕಾಶಿಯಲ್ಲಿ ಬಿಟ್ಟ ಮಾತ್ರೆ

ಕಾಶಿಗೆ ಹೋದವರು ತಮಗೆ ಇಷ್ಟವಾದ ಯಾವುದಾದರೂ ಒಂದನ್ನು ಅಲ್ಲಿ ಬಿಟ್ಟು ಬರಬೇಕು ಎನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಬಿಟ್ಟದ್ದನ್ನು ಸಾಯುವ ತನಕ ಮತ್ತೆ ಬಾಯಿಗೆ ಹಾಕುವಂತಿಲ್ಲ. ನನ್ನ ಓರಗಿತ್ತಿ ಹಾಗಲಕಾಯಿ ಬಿಟ್ಟಳು. ಅವಳು ಮದುವೆಯಾಗಿ ಬಂದಾಗಿನಿಂದ ಹಾಗಲಕಾಯಿ ಮುಟ್ಟಿದ್ದನ್ನು ನಾನು ಕಂಡಿಲ್ಲ. ಗಂಗಮ್ಮನಿಗೇ ಟೋಪಿ ಹಾಕಿದ ಗಟ್ಟಿಗಿತ್ತಿ. ನಮ್ಮತ್ತೆ ಪ್ರಾಮಾಣಿಕವಾಗಿ ಬದನೆಕಾಯಿ ಬಿಟ್ಟರು, ಬಿಟ್ಟು ಕಣ್ಣೊರೆಸಿಕೊಂಡರು. ನಾನು ಕ್ಲೋನಾಜೆಪಾಮ್ ಎಂಬ ಮಾತ್ರೆಯನ್ನು ಬಿಟ್ಟೆ.

ನಗುವವರು ನಗಬಹುದು. ಬೇರೆಯವರ ಮನೆಯಲ್ಲಿ ನಡೆದಿದ್ದರೆ ನಾನೂ ನಗುತ್ತಿದ್ದೆ. ಪ್ರೈಮರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿದ ಹೆಂಗಸಿಗೆ ಇಷ್ಟಾದರೂ ಬುದ್ಧಿ ಬೇಡವೇ ಎಂದು ಮುಖಕ್ಕೇ ಕೇಳಿದವರಿದ್ದಾರೆ. ಬೇಕಿತ್ತು, ಇರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದಿನಗಳಲ್ಲಿ, ಇಂಥದ್ದು ಇನ್ನೊಬ್ಬರಿಗೂ ಆಗಿದೆ ಎಂದು ಒಬ್ಬರಾದರೂ ಹೇಳಿದ್ದರೆ ನನಗೆ ಅಷ್ಟು ಒಂಟಿ ಅನ್ನಿಸುತ್ತಿರಲಿಲ್ಲ. ಆ ಬೆಂಚಿನ ಮೇಲೆ ಈಗ ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಮಾದಾಪುರದ ಹತ್ತಿರ. ಹಾಸನದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದ್ದು ನನ್ನ ಗಂಡನ ತಾತ. ಇವರು, ನನ್ನ ಗಂಡ, ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು, ಯಾರು ಎಲ್ಲಿ ಕೆಲಸ ಮಾಡಬೇಕೆಂದು ಹಂಚುವವರು. ಮನೆಯಲ್ಲಿ ನಾವಿಬ್ಬರು, ಅತ್ತೆ ಮತ್ತು ಒಬ್ಬಳೇ ಮಗಳು ಸಿಂಚನ. ಅವಳಿಗೆ ಹತ್ತು ವರ್ಷವಿದ್ದಾಗ ಒಂದು ಮಳೆಗಾಲದ ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ, ಮನೆಯ ಹಿಂದಿನ ಗುಡ್ಡ ಜರಿಯಿತು. ಕೊಟ್ಟಿಗೆ ಹೋಯಿತು, ಎರಡು ಹಸು ಹೋದವು. ನಾವು ಉಟ್ಟ ಬಟ್ಟೆಯಲ್ಲಿ ಓಡಿ ಜೀವ ಉಳಿಸಿಕೊಂಡೆವು.

ಬದುಕಿದೆವಲ್ಲ ಎಂದು ದೇವರಿಗೆ ಕೈಮುಗಿದು ಎಲ್ಲರೂ ಅದನ್ನು ಅಲ್ಲಿಗೇ ಮುಗಿಸಿದರು. ನನ್ನ ಎದೆ ಮಾತ್ರ ಮುಗಿಸಲಿಲ್ಲ. ನಮ್ಮನ್ನೆಲ್ಲ ಇಳಿಸಿದ್ದ ಪರಿಹಾರ ಕೇಂದ್ರದ ತಗಡಿನ ಮೇಲೆ ಮಳೆ ಬಿದ್ದರೆ ಸಾಕು, ಎದೆ ಡವಡವ, ಕೈಕಾಲು ತಣ್ಣಗೆ, ಉಸಿರು ಗಂಟಲಲ್ಲೇ ನಿಂತುಬಿಡುತ್ತಿತ್ತು. ಅಲ್ಲಿಗೆ ಬಂದಿದ್ದ ಡಾಕ್ಟರೊಬ್ಬರು ಚೀಟಿ ಬರೆದು, "ಹತ್ತು ದಿನ ತಗೊಳ್ಳಿ ಟೀಚರ್, ಆಮೇಲೆ ಬಂದು ತೋರಿಸಿ" ಎಂದರು. ಮೊದಲ ಮಾತ್ರೆ ನುಂಗಿದ ಅರ್ಧ ಗಂಟೆಗೆ ಮಳೆ ಬರೀ ಮಳೆಯಾಯಿತು. ಅಯ್ಯೋ, ಆ ಸುಖವನ್ನು ಏನೆಂದು ಹೇಳಲಿ! ನನ್ನ ಹೆತ್ತಮ್ಮ ಬಂದು ತಲೆ ಸವರಿದ್ದರೂ ನನಗೆ ಅಷ್ಟು ನೆಮ್ಮದಿಯಾಗುತ್ತಿರಲಿಲ್ಲ.

ಹತ್ತು ದಿನ ಹೋಗಿ ಆರು ವರ್ಷವಾಯಿತು. ಡಾಕ್ಟರಿಗೆ ಮತ್ತೆ ತೋರಿಸಲೇ ಇಲ್ಲ. ನಮ್ಮೂರಿನಲ್ಲಿ ತೋರಿಸುವ ಅಗತ್ಯವೂ ಬೀಳುವುದಿಲ್ಲ. ಖಾಲಿಯಾದ ಮಾತ್ರೆ ಶೀಟನ್ನು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ಅವರು ಸೋಮವಾರಪೇಟೆಯ ಯಾವುದಾದರೂ ಮೆಡಿಕಲ್‌ನಲ್ಲಿ ಅದನ್ನು ತೋರಿಸಿ, ಅದೇ ಮಾತ್ರೆಯನ್ನು ಸಂಜೆಯ ಟ್ರಿಪ್ಪಿನಲ್ಲಿ ತಂದುಕೊಡುತ್ತಾರೆ. ಬಿಪಿ, ಶುಗರ್, ಮಂಡಿನೋವು, ಎಲ್ಲದಕ್ಕೂ ಹೀಗೆಯೇ. ಅರ್ಧ ಇದ್ದದ್ದು ಒಂದಾಯಿತು, ಒಂದಿದ್ದದ್ದು ಬೆಳಿಗ್ಗೆ ಒಂದು ಸಂಜೆ ಒಂದಾಯಿತು. ಹೆಚ್ಚು ಮಾಡಿದ್ದು ಯಾರು ಎಂದು ಕೇಳಿದರೆ, ನಾನೇ.

ಆಮೇಲಾಮೇಲೆ ಹಾಜರಿ ಕರೆಯುವಾಗ ಎದುರಿಗೆ ನಿಂತ ಮಗುವಿನ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಸಿಂಚನ ಶಾಲೆಯ ಸಂಗತಿ ಹೇಳುತ್ತಿದ್ದರೆ ಕೂತಲ್ಲೇ ತೂಕಡಿಸುತ್ತಿದ್ದೆ. ಒಮ್ಮೆ ಬಸ್ಸು ಕೆಟ್ಟು ಎರಡು ದಿನ ಮಾತ್ರೆ ಬರಲಿಲ್ಲ. ಬೋರ್ಡಿನ ಮೇಲೆ ನಾನು ಬರೆದ ಅಕ್ಷರ ನನಗೇ ಓದಲಾಗಲಿಲ್ಲ, ಅಷ್ಟು ಕೈ ನಡುಗುತ್ತಿತ್ತು. ಮನೆಗೆ ಬಂದು ಡಬ್ಬಗಳನ್ನೆಲ್ಲ ಕೆಡವಿ ಹುಡುಕಿದೆ, ಅಡ್ಡ ಬಂದ ಅತ್ತೆಯನ್ನು ಬೈದೆ. ಹದಿನಾರು ತುಂಬಿದ್ದ ಸಿಂಚನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮ, ನಿಂಗೆ ನಾನು ಬೇಕೋ, ಆ ಶೀಟು ಬೇಕೋ?" ಎಂದು ಕೇಳಿದಳು.

ಆ ಗಳಿಗೆಯಲ್ಲಿ ನನಗೆ ಶೀಟೇ ಬೇಕಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳಿಗೆ ತಿಳಿಯಿತು. ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ಹೇಗಾದರೂ ಮಾಡಿ ಈ ಮಾತ್ರೆಯಿಂದ ಬಿಡಿಸಿಕೊಳ್ಳಬೇಕು ಎಂದು ನಾನು ನಿಶ್ಚಯಿಸಿದ್ದು ಅವತ್ತು.

ಆ ದಸರಾ ರಜೆಯಲ್ಲಿ ನೆಂಟರಿಷ್ಟರೆಲ್ಲ ಸೇರಿ ಕಾಶಿಗೆ ಹೊರಟರು. ಅತ್ತೆ, ಓರಗಿತ್ತಿಯ ಜೊತೆ ನಾನೂ ಹೊರಟೆ. ಗಂಗೆಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತಾಗ ಅತ್ತೆ, "ಬಿಡೋದು ಏನು ಅಂತ ಜೋರಾಗಿ ಹೇಳ್ಬೇಕು ಕಣೆ, ಯಾರ ಹೆಸ್ರಲ್ಲಿ ಅಂತ್ಲೂವೆ" ಎಂದರು. ಸೆರಗಿನ ಗಂಟಿನಲ್ಲಿದ್ದ ಶೀಟನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು, "ನನ್ನ ಮಗಳು ಸಿಂಚನಳ ಹೆಸರಿನಲ್ಲಿ ಈ ಮಾತ್ರೆ ಬಿಟ್ಟೆ, ಅವಳು ಚೆನ್ನಾಗಿರಲಿ" ಎಂದು ಮೂರು ಸಲ ಮುಳುಗಿ ಎದ್ದೆ. ಶೀಟನ್ನು ನೀರಿಗೆ ಬಿಡಲು ಹೋದರೆ ಅತ್ತೆ ಕೈ ಹಿಡಿದುಕೊಂಡರು.

"ಗಂಗೇಲಿ ಕಸ ಹಾಕ್ಬೇಡ. ಮಾತಲ್ಲಿ ಬಿಟ್ರೆ ಆಯ್ತು."

ಮೆಟ್ಟಿಲ ಹತ್ತಿರದ ಕಸದ ಡಬ್ಬಿಗೆ ಹಾಕಿದೆ. ಎಷ್ಟು ಹಗುರಾದೆನೆಂದರೆ, ಒದ್ದೆ ಸೀರೆಯಲ್ಲೇ ಓರಗಿತ್ತಿಯನ್ನು ತಬ್ಬಿಕೊಂಡೆ. ಅತ್ತೆಯಂತೂ ವಾಪಸು ಬರುವಾಗ ರೈಲಿನ ಬೋಗಿಗೆಲ್ಲ ಡಂಗುರ ಹೊಡೆದರು. "ನಮ್ ಸೊಸೆ ನಮ್ಮಂಗೆ ಬದ್ನೆಕಾಯಿ ಗಿದ್ನೆಕಾಯಿ ಬಿಟ್ಟವ್ಳಲ್ಲ, ದೊಡ್ದನ್ನೇ ಬಿಟ್ಟವ್ಳೆ" ಎಂದು ಹೇಳಿಕೊಂಡರು.

ಎರಡನೆಯ ದಿನ ರೈಲಿನಲ್ಲೇ ಬೆವರು ಶುರುವಾಯಿತು. ಮೂರನೆಯ ದಿನ ಬೆಳಕು ಕಣ್ಣಿಗೆ ಚುಚ್ಚತೊಡಗಿತು, ಚಮಚ ಬಿದ್ದ ಸದ್ದಿಗೂ ಬೆಚ್ಚಿಬೀಳುತ್ತಿದ್ದೆ. ಮೈಮೇಲೆ ಕಟ್ಟಿರುವೆ ಹರಿದ ಹಾಗಾಗುತ್ತಿತ್ತು, ನೋಡಿದರೆ ಏನೂ ಇಲ್ಲ. "ವಿಷ ಇಳೀತದೆ, ತಡ್ಕ" ಎಂದರು ಅತ್ತೆ. ನಾನೂ ಹಾಗೆಯೇ ನಂಬಿ ಹಲ್ಲು ಕಚ್ಚಿ ತಡೆದುಕೊಂಡೆ. ಶಾಲೆ ತೆರೆದ ದಿನ, ಬಿಟ್ಟು ಎಂಟನೆಯ ದಿನ, ಎರಡನೇ ತರಗತಿಯ ಬೋರ್ಡಿನ ಮೇಲೆ ತಾರೀಕು ಬರೆಯಲು ಸೀಮೆಸುಣ್ಣ ಎತ್ತಿದ್ದು ನೆನಪಿದೆ. ಆಮೇಲೆ ಕಂಡದ್ದು ಮಾಡಿನ ಹೆಂಚು.

ನಡುವೆ ನಡೆದದ್ದನ್ನು ಬೇರೆಯವರ ಬಾಯಿಂದ ಕೇಳಿದ್ದೇನೆ. ಬಿದ್ದೆನಂತೆ, ಕೈಕಾಲು ಅದುರಿದವಂತೆ, ಬಾಯಲ್ಲಿ ನೊರೆ ಬಂತಂತೆ. ಮಕ್ಕಳು ಕಿರುಚಿಕೊಂಡು ಅಂಗಳಕ್ಕೆ ಓಡಿದವಂತೆ. ಬಿಸಿಯೂಟದ ಅಡುಗೆಯವಳು ಕೋಣೆಯ ಬೀಗದ ಕೈಗೊಂಚಲನ್ನು ತಂದು ನನ್ನ ಮುಷ್ಟಿಗೆ ತುರುಕಿದಳಂತೆ. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆ ಎನ್ನುವುದು ಅವಳ ನಂಬಿಕೆ. ಎಚ್ಚರವಾದಾಗ ಸೀರೆ ಒದ್ದೆಯಾಗಿತ್ತು. ಕಿಟಕಿಯ ಹೊರಗಿನಿಂದ ಮಕ್ಕಳು ಇಣುಕುತ್ತಿದ್ದವು. ನಾನು ಅವುಗಳಿಗೆ ಸ್ವಚ್ಛತೆಯ ಪಾಠ ಮಾಡಿದವಳು.

ಮಡಿಕೇರಿಯ ಆಸ್ಪತ್ರೆಯಲ್ಲಿ ಇವರ ಜರ್ಕಿನ್ ಸೊಂಟಕ್ಕೆ ಸುತ್ತಿಕೊಂಡು ಮೂರು ಗಂಟೆ ಬೆಂಚಿನ ಮೇಲೆ ಕೂತೆ. ಪಕ್ಕದ ಹೆಂಗಸು ಏನಾಯಿತೆಂದು ಕೇಳಿದಳು. "ಫಿಟ್ಸ್" ಎಂದೆ. ಅವಳು ತನ್ನ ಮಗುವನ್ನು ಎತ್ತಿ ಆಚೆ ತೊಡೆಯ ಮೇಲೆ ಕೂರಿಸಿಕೊಂಡಳು. ಅದನ್ನು ನೋಡಿದ ನರ್ಸೊಬ್ಬಳು ಒಳಗೆ ಹೋಗಿ, ತನ್ನದೇ ಇರಬೇಕು, ಒಗೆದ ನೈಟಿಯೊಂದನ್ನು ತಂದುಕೊಟ್ಟಳು. ಅವಳ ಹೆಸರು ಕೇಳಲೂ ನನಗೆ ತೋಚಲಿಲ್ಲ.

ಸ್ಕ್ಯಾನ್ ಆಯಿತು, ತಲೆಯೊಳಗೆ ಏನೂ ಇರಲಿಲ್ಲ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಯಾವುದಾದ್ರೂ ಮಾತ್ರೆ ತಗೊಳ್ತಿದ್ರಾ?" ಎಂದು ಕೇಳಿದಾಗ ಇವರೇ ಮುಂದೆ ಬಿದ್ದು ಉತ್ತರ ಕೊಟ್ಟರು.

"ಇತ್ತು ಮೇಡಂ, ಈಗೇನಿಲ್ಲ. ಕಾಶೀಲಿ ಬಿಟ್ಟು ಬಂದಿದ್ದಾಳೆ." ದನಿಯಲ್ಲಿ ಹೆಮ್ಮೆ ಇತ್ತು, ಪಾಪ.

ಡಾಕ್ಟರು ಪೆನ್ನು ಕೆಳಗಿಟ್ಟರು. ಎಷ್ಟು ವರ್ಷ, ಎಷ್ಟು ಮಾತ್ರೆ, ಬಿಟ್ಟು ಎಷ್ಟು ದಿನ ಎಂದೆಲ್ಲ ಕೇಳಿಕೊಂಡು, "ಸುಮಿತ್ರಾ ಅವರೇ, ಮೆಟ್ಟಿಲು ಇಳಿದ ಹಾಗೆ ಇಳೀಬೇಕಾಗಿತ್ತು. ನೀವು ಅಟ್ಟದಿಂದ ಹಾರಿದ್ದೀರಿ" ಎಂದರು. "ಇವತ್ತಿಂದ ಮತ್ತೆ ಶುರು ಮಾಡೋಣ. ವರ್ಷವೋ ಒಂದೂವರೆ ವರ್ಷವೋ, ಚೂರು ಚೂರೇ ಇಳಿಸೋಣ."

"ಆಗಲ್ಲ ಮೇಡಂ."

"ಯಾಕೆ?"

"ಮಗಳ ಹೆಸರಲ್ಲಿ ಬಿಟ್ಟಿದ್ದೀನಿ."

ಆ ಹುಡುಗಿ ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ. "ಇನ್ನೊಂದು ಸಲ ಫಿಟ್ಸ್ ಬಂದ್ರೆ ನೀವು ಎಲ್ಲಿ ಬೀಳ್ತೀರ, ಯಾರ ಮೇಲೆ ಬೀಳ್ತೀರ ಅಂತ ಹೇಳೋಕಾಗಲ್ಲ" ಎಂದಷ್ಟೇ ಹೇಳಿ ಚೀಟಿ ಬರೆದರು.

ಮನೆಗೆ ಬಂದ ಮೇಲೆ ಜಗಳವಾಯಿತು. ಅತ್ತೆಯ ಮಾತು ಒಂದೇ: "ಬಿಟ್ಟಿದ್ನ ತಿಂದ್ರೆ ಯಾರ ಹೆಸ್ರಲ್ಲಿ ಬಿಟ್ಟಿದ್ದೋ ಅವ್ರಿಗೇ ತಟ್ಟೋದು. ಇರೋದು ಒಂದೇ ಮಗು."

"ಹಂಗಂತ ಇವಳು ಸಾಯ್ಲಾ?" ಎಂದರು ಇವರು.

"ನಾನೆಲ್ಲಿ ಹಂಗಂದೆ? ಬೇರೆ ಮಾತ್ರೆ ಕೊಡಕ್ಕೆ ಹೇಳು. ಪ್ರಪಂಚದಲ್ಲಿ ಇದೊಂದೇನಾ ಮಾತ್ರೆ ಇರಾದು?"

ಸಿಂಚನ, "ಅಜ್ಜಿ, ನಂಗೇನೂ ತಟ್ಟಲ್ಲ, ಅಮ್ಮ ತಿನ್ನಲಿ" ಎಂದಳು. ಮಕ್ಕಳ ಮಾತಿಗೆ ಬೆಲೆ ಎಲ್ಲಿ? ನನಗೆ ಮಾತ್ರೆ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಓದಿದವಳು ನಾನು, ಇಂಥವನ್ನೆಲ್ಲ ನಂಬಬಾರದು ಎಂದು ಗೊತ್ತು. ಆದರೆ ಗುಡ್ಡ ಜರಿದದ್ದನ್ನು ಕಂಡವಳಿಗೆ ಏನು ಬೇಕಾದರೂ ಆಗಬಹುದು ಎನ್ನುವುದೂ ಗೊತ್ತು. ಇರುವ ಒಬ್ಬಳೇ ಮಗಳನ್ನು ಪಣಕ್ಕಿಟ್ಟು ನೋಡುವ ಧೈರ್ಯ ನನಗಿರಲಿಲ್ಲ.

ಹಾಗಾಗಿ ಕಳ್ಳಾಟ ಹೂಡಿದೆ. ಬೆಳಿಗ್ಗೆ ಸಂಜೆ ಇವರು ಮಾತ್ರೆಯನ್ನು ಅಂಗೈ ಮೇಲಿಟ್ಟು ಎದುರಿಗೇ ನಿಲ್ಲುತ್ತಿದ್ದರು. ನಾನು ನಾಲಿಗೆಯ ಅಡಿ ಒತ್ತಿಟ್ಟುಕೊಂಡು ನೀರು ಕುಡಿದು, ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಉಗುಳುತ್ತಿದ್ದೆ. ಒಂಬತ್ತು ದಿನ ಹೀಗೆ. ಆ ಒಂಬತ್ತು ದಿನದ ನರಕವನ್ನು ನನ್ನ ಶತ್ರುವಿಗೂ ಬಯಸಲಾರೆ. ಗೋಡೆ ಹತ್ತಿರ ಬಂದಂತೆ, ನೆಲ ವಾಲಿದಂತೆ, ಹಿಂದಿನ ಗುಡ್ಡ ಮತ್ತೆ ಕದಲಿದಂತೆ ಕಾಣುತ್ತಿತ್ತು. ಸತ್ತರೆ ವಾಸಿ ಅನ್ನಿಸುತ್ತಿತ್ತು. ಮರುಕ್ಷಣ ಮಗಳು ನೆನಪಾಗಿ, ಇವತ್ತೊಂದು ದಿನ ತಡೆದುಕೊಳ್ಳೋಣ ಅನ್ನುತ್ತಿದ್ದೆ. ಗೆಲ್ಲುತ್ತಿದ್ದೇನೆ ಎಂದೇ ತಿಳಿದಿದ್ದೆ.

ಹತ್ತನೆಯ ದಿನ ಬೆಳಿಗ್ಗೆ ಒಲೆಯ ಮುಂದೆ ಅನ್ನ ಬಸಿಯುತ್ತಿದ್ದೆ. ಸಿಂಚನ ಕಾಲೇಜಿಗೆ ಹೊರಡಲು ಅಲ್ಲೇ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು. ಪಾತ್ರೆ ಕೈಯಲ್ಲಿರುವಾಗಲೇ ನನ್ನ ಕುತ್ತಿಗೆ ಒಂದು ಕಡೆಗೆ ತಿರುಗಿತಂತೆ. ಒಲೆಯ ಮೇಲೆ ಬೀಳುತ್ತೇನೆಂದು ಅವಳು ಓಡಿಬಂದು ತಬ್ಬಿ ಹಿಡಿದಳಂತೆ. ಕುದಿಯುವ ಗಂಜಿಯೆಲ್ಲ ಅವಳ ಬಲಗೈ ಮೇಲೆ, ಮೊಣಕೈಯಿಂದ ಬೆರಳಿನ ತುದಿಯವರೆಗೆ ಸುರಿಯಿತು. ಅಷ್ಟಾದರೂ ನನ್ನನ್ನು ಬಿಡದೆ ನೆಲಕ್ಕೆ ಮಲಗಿಸಿ, ಆಮೇಲೆ ಕಿರುಚಿದಳು ಎಂದು ಅತ್ತೆ ಹೇಳುತ್ತಾರೆ. ನನಗೆ ಕಣ್ಣು ಬಿಟ್ಟಾಗ ಕಂಡದ್ದು ನಲ್ಲಿಯ ಕೆಳಗೆ ಕೈ ಹಿಡಿದು ನಿಂತ ಮಗಳು. ಚರ್ಮ ಕೈಯಿಂದ ಬಿಟ್ಟು ಜೋತುಬಿದ್ದಿತ್ತು.

ಒಂದೇ ಜೀಪಿನಲ್ಲಿ ಇಬ್ಬರನ್ನೂ ಮಡಿಕೇರಿಗೆ ಒಯ್ದರು. ಅವಳು ಮೇಲಿನ ಮಹಡಿಯಲ್ಲಿ, ನಾನು ಕೆಳಗೆ. ಇವರು ಮೆಟ್ಟಿಲು ಹತ್ತಿ ಇಳಿದು ಸೋತರು. ಸಂಜೆ ಅತ್ತೆ ನನ್ನ ಮಂಚದ ಹತ್ತಿರ ಬಂದರು. ನರ್ಸು ಇಟ್ಟುಹೋದ ಮಾತ್ರೆಯನ್ನು ತಾವೇ ಎತ್ತಿಕೊಂಡು ನನ್ನ ತುಟಿಗೆ ಹಿಡಿದರು.

"ನುಂಗು ತಾಯಿ. ತಟ್ಟೋದೆಲ್ಲ ನಂಗೇ ತಟ್ಲಿ ಅಂತ ಗಂಗಮ್ಮಂಗೆ ಹೇಳ್ಕಂಡಿದೀನಿ. ಮುದುಕಿ ಜೀವ, ಏನಾದ್ರೂ ಆಗ್ಲಿ."

ನುಂಗಿದೆ. ಅರ್ಧ ಗಂಟೆಗೆ ಎದೆ ಸಡಿಲವಾಯಿತು, ಗೋಡೆ ತನ್ನ ಜಾಗಕ್ಕೆ ಹೋಯಿತು. ಮೇಲೆ ಮಗಳ ಕೈಯಿಂದ ಸುಟ್ಟ ಚರ್ಮ ತೆಗೆಯುತ್ತಿದ್ದಾಗ ಕೆಳಗೆ ನನಗೆ ಹಾಯಾಯಿತು. ನನ್ನ ಬದುಕಿನಲ್ಲಿ ಇದಕ್ಕಿಂತ ಹೇಸಿಗೆಯ ಗಳಿಗೆ ಇನ್ನೊಂದಿಲ್ಲ. ದೇಹಕ್ಕೆ ನಾಚಿಕೆಯೇ ಇಲ್ಲ ಎಂದು ಅವತ್ತು ತಿಳಿಯಿತು.

ಇದಾಗಿ ಒಂದೂವರೆ ವರ್ಷದ ಮೇಲಾಯಿತು. ಡಾಕ್ಟರು ಹೇಳಿದಂತೆ ಮಾತ್ರೆಯನ್ನು ಇಳಿಸುತ್ತಿದ್ದೇನೆ. ಎರಡು ಒಂದೂವರೆಯಾಯಿತು, ಒಂದೂವರೆ ಒಂದಾಯಿತು, ಒಂದು ಅರ್ಧವಾಯಿತು. ಒಂದೊಂದು ಸಲ ಇಳಿಸಿದಾಗಲೂ ಹದಿನೈದು ಇಪ್ಪತ್ತು ದಿನ ಅದೇ ಬೆವರು, ಅದೇ ಇರುವೆ. ಕಾಲು ಮಾತ್ರೆಗೆ ತಲುಪಿದ್ದೆ. ಈ ಸಲದ ಮಳೆ ಹಿಡಿದ ಕೂಡಲೇ ಕಾಲು ಸಾಲದೆ ಮತ್ತೆ ಅರ್ಧಕ್ಕೆ ಏರಿಸಬೇಕಾಯಿತು. ಮೊನ್ನೆ ಹೋದಾಗ, "ಪೂರ್ತಿ ಬಿಡೋ ದಿನ ಬರುತ್ತಾ ಮೇಡಂ?" ಎಂದು ಕೇಳಿದೆ. "ಕೆಲವರಿಗೆ ತುಂಬ ನಿಧಾನ ಆಗುತ್ತೆ, ನೋಡೋಣ" ಎಂದರು. ಡಾಕ್ಟರುಗಳ ನೋಡೋಣದ ಅರ್ಥ ನನಗೆ ಈಗ ಗೊತ್ತಾಗುತ್ತದೆ.

ಶಾಲೆಗೆ ಹೋಗುತ್ತೇನೆ, ಆದರೆ ಎರಡನೇ ತರಗತಿಯನ್ನು ನನಗೆ ಕೊಟ್ಟಿಲ್ಲ. ಪೋಷಕರು ಬಂದು ಹೆಡ್‌ಮಾಸ್ಟರ ಹತ್ತಿರ ಮಾತಾಡಿದರಂತೆ. ಆಫೀಸು ಕೋಣೆಯಲ್ಲಿ ಕೂತು ರಿಜಿಸ್ಟರ್ ಬರೆಯುತ್ತೇನೆ. ಪಕ್ಕದ ತರಗತಿಯಲ್ಲಿ ಮಕ್ಕಳು ಮಗ್ಗಿ ಹೇಳುವುದು ಕೇಳಿಸುತ್ತದೆ, ತಪ್ಪು ಹೇಳಿದರೆ ತಿದ್ದಲು ಬಾಯಿ ತೆರೆಯುತ್ತೇನೆ. ನನ್ನ ಹಾಗೆ ಈ ಮಾತ್ರೆ ತಿನ್ನುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳಿಕೊಳ್ಳುತ್ತೇನೆ: ಹಟಕ್ಕೆ, ಹರಕೆಗೆ, ಯಾರದೋ ಮಾತಿಗೆ ಒಂದೇ ದಿನದಲ್ಲಿ ಬಿಡಬೇಡಿ. ಡಾಕ್ಟರ ಹತ್ತಿರ ಹೋಗಿ. ಬಸ್ಸಿನಲ್ಲಿ ಶೀಟು ಕಳಿಸಬೇಡಿ, ನೀವೇ ಹೋಗಿ.

ಸಿಂಚನಳ ಕೈ ಮಾಯಿದೆ. ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಗಾಯ ಒಣಗಿ ಮನೆಗೆ ಬಂದ ಮೇಲೆ ಅವಳು ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಬಿದ್ದಿದ್ದ ಬಿಳಿ ಚೂರುಗಳನ್ನು ಅಂಗೈಯಲ್ಲಿ ಆರಿಸಿ ತಂದು ನನ್ನ ಮುಂದಿಟ್ಟಳು. ಮಳೆ ನಿಂತಿದ್ದ ಕಾಲ, ಎಲ್ಲವೂ ಕರಗಿರಲಿಲ್ಲ.

"ನನ್ನ ಹೆಸ್ರಲ್ಲಿ ಬಿಡು ಅಂತ ನಾನು ಕೇಳಿದ್ನಾ?" ಎಂದಳು. "ಹೇಳಮ್ಮ, ಕೇಳಿದ್ನಾ?"

"ಇಲ್ಲ ಮಗಳೇ."

"ಅಪ್ಪನ ಎದುರಿಗೆ ನುಂಗಿದ ಹಾಗೆ ಮಾಡಿದ್ಯಲ್ಲ ದಿನಾ."

ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತಿನಿಂದ ಮಾತ್ರೆಯ ಡಬ್ಬಿ ಅವಳ ಹತ್ತಿರವೇ ಇದೆ. ಈಗ ದಿನಾ ಸಂಜೆ ದೀಪ ಹಚ್ಚಿದ ಮೇಲೆ, ಮಡಚದ ಆ ಬೆರಳುಗಳಲ್ಲೇ ಬ್ಲೇಡು ಹಿಡಿದು ಮಾತ್ರೆಯನ್ನು ಎರಡು ಮಾಡಿ, ಅರ್ಧವನ್ನು ನನ್ನ ಕೈಗೆ ಹಾಕುತ್ತಾಳೆ. ನಾನು ನೀರು ಕುಡಿಯುವ ತನಕ ನಿಂತಿರುತ್ತಾಳೆ. ಆಮೇಲೆ, "ಬಾಯಿ ತೆಗಿ" ಎನ್ನುತ್ತಾಳೆ. ತೆಗೆಯುತ್ತೇನೆ. "ನಾಲಿಗೆ ಎತ್ತು" ಎನ್ನುತ್ತಾಳೆ. ಎತ್ತುತ್ತೇನೆ. ಬಗ್ಗಿ, ಬೆಳಕಿಗೆ ನನ್ನ ಮುಖ ತಿರುಗಿಸಿ, ನಾಲಿಗೆಯ ಅಡಿ ಚೆನ್ನಾಗಿ ನೋಡಿ ಹೋಗುತ್ತಾಳೆ. ನುಂಗಿದ್ದೇನೆ ಎಂದು ನಾನು ಬಾಯಲ್ಲಿ ಹೇಳುವುದನ್ನು ಬಿಟ್ಟು ಬಹಳ ದಿನವಾಯಿತು.